ಬಿಸಿಲ ನಾಡಿನಲ್ಲಿ ಬೆಳಕಿನ ಬರ

ಕಲಬುರಗಿಯಲ್ಲಿ ಬೆಳಕಿಗೆ ಬರ ಬಂದಿದೆ ಎಂದರೆ ಮಲೆನಾಡಿನ ಓದುಗರು ನಗಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನ ಮುಖ ಕಾಣದೆ, ಹೊಡತಲಿನ ಸುತ್ತ ಬಟ್ಟೆ ಒಣಗಿಸಿಕೊಳ್ಳುವ ನಮಗೆ, ಏಪ್ರಿಲ್ ತಿಂಗಳಲ್ಲಿ 42 ಡಿಗ್ರಿ ಕಾಯುವ ಊರಿನವರ ಈ ದಾರಿದ್ರ್ಯ ಸುಲಭವಾಗಿ ಅರ್ಥವಾಗುವಂಥದ್ದಲ್ಲ. ಆದರೂ ಅದು ನಿಜ. ಆ ಬರದ ಒಂದು ತುದಿ ನಮ್ಮ ಘಟ್ಟದ ನದಿಗಳಿಗೇ ಕಟ್ಟಿಕೊಂಡಿರುವುದರಿಂದ ಈ ಸಂಚಿಕೆಯಲ್ಲಿ ಅದನ್ನು ಪ್ರಸ್ತಾಪಿಸಬೇಕಾಗಿದೆ.

ಬೇಸಿಗೆಯ ಕಲಬುರಗಿಯನ್ನು ನೋಡಿದವರಿಗೆ ಗೊತ್ತು: ಹತ್ತು ಗಂಟೆಯ ಹೊತ್ತಿಗೆ ಕಿಟಕಿಗಳು ಮುಚ್ಚುತ್ತವೆ, ಪರದೆಗಳು ಇಳಿಯುತ್ತವೆ, ಒಳಗೆ ಟ್ಯೂಬ್‌ಲೈಟ್ ಹತ್ತುತ್ತದೆ. ಹೊರಗೆ ನಡುಹಗಲಿನ ಬೆಳಕು ಒಂದು ಲಕ್ಷ ಲಕ್ಸ್‌ನಷ್ಟಿದ್ದರೆ, ಮುಚ್ಚಿದ ಕೋಣೆಯ ದೀಪದಡಿ ಅದು ಇನ್ನೂರೋ ಮುನ್ನೂರೋ ಲಕ್ಸ್. ನಮ್ಮ ಆಷಾಢದ ಮೋಡ ಕವಿದ ಅಂಗಳದಲ್ಲಿಯೂ ಅದಕ್ಕಿಂತ ಹತ್ತಾರು ಪಟ್ಟು ಹೆಚ್ಚು ಬೆಳಕಿರುತ್ತದೆ. ಅಂದರೆ ಬಿಸಿಲೂರಿನ ಗುಮಾಸ್ತ, ಗೃಹಿಣಿ, ತರಬೇತಿ ಕೇಂದ್ರದ ವಿದ್ಯಾರ್ಥಿ ಇವರೆಲ್ಲ ಹಗಲಿಡೀ ಮುಸ್ಸಂಜೆಯಲ್ಲಿ ಬದುಕುತ್ತಾರೆ. ಸೂರ್ಯ ಮುಳುಗಿದ ಮೇಲೆ ಊರು ಹೊರಗೆ ಬರುತ್ತದೆ; ಆಗ ಅವರನ್ನು ಎದುರುಗೊಳ್ಳುವುದು ಕಣ್ಣು ಕೋರೈಸುವ ಬಿಳಿ ಎಲ್‌ಇಡಿ ಬೀದಿದೀಪ, ಜಾಹೀರಾತು ಫಲಕ, ಕೈಯಲ್ಲಿನ ಮೊಬೈಲು. ಹಗಲು ಮಂಕು, ಇರುಳು ಪ್ರಖರ. ಪ್ರಕೃತಿಯ ಕ್ರಮವನ್ನು ಇದಕ್ಕಿಂತ ಸಂಪೂರ್ಣವಾಗಿ ತಿರುವುಮುರುವು ಮಾಡಲು ಸಾಧ್ಯವೇ?

ಬಿಸಿಲನ್ನು ದೂಷಿಸಿ ಪ್ರಯೋಜನವಿಲ್ಲ. ಉಷ್ಣದಿಂದ ತಪ್ಪಿಸಿಕೊಳ್ಳುವುದು ಅಲ್ಲಿಯವರಿಗೆ ಪ್ರಾಣದ ಪ್ರಶ್ನೆ. ಆದರೆ ಆ ನಾಡಿನಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಸೆಕೆಯ ಕಾರಣಕ್ಕಾಗಿ ಮಾಡಿದ ಈ ಏರ್ಪಾಟು ತಿಳಿದೋ ತಿಳಿಯದೆಯೋ ನೌಕರನನ್ನು ಬೆಳಗಿನ ಎಳೆಬಿಸಿಲಿನಲ್ಲಿ ರಸ್ತೆಗೆ ತರುತ್ತದೆ. ಶರೀರಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಸರ್ಕಾರ ಅರಿವಿಲ್ಲದೆ ಮಾಡಿದ ಪುಣ್ಯದ ಕೆಲಸಗಳಲ್ಲಿ ಇದೂ ಒಂದು.

ಏಕೆಂದರೆ ಕಣ್ಣು ನೋಡುವುದಕ್ಕಾಗಿ ಮಾತ್ರ ಇರುವ ಇಂದ್ರಿಯವಲ್ಲ. ಅಕ್ಷಿಪಟಲದ ಕೆಲವು ನರಕೋಶಗಳಲ್ಲಿ ಮೆಲನಾಪ್ಸಿನ್ ಎಂಬ ವರ್ಣಕವಿದೆ. ಈ ಕೋಶಗಳು ತಾವೇ ಬೆಳಕನ್ನು ಗ್ರಹಿಸುತ್ತವೆ ಎಂಬುದು 2002ರಲ್ಲಿ ದೃಢಪಟ್ಟಿತು. ಇವು ಅತ್ಯಂತ ಚುರುಕಾಗಿ ಸ್ಪಂದಿಸುವುದು ನೀಲಿ ಬೆಳಕಿಗೆ, ಸರಿಸುಮಾರು 480 ನ್ಯಾನೋಮೀಟರಿನ ಆಸುಪಾಸಿನಲ್ಲಿ. ಇವು ಕಳಿಸುವ ಸಂದೇಶ ಹೈಪೊಥಲಾಮಸ್‌ನಲ್ಲಿರುವ, ಸುಮಾರು ಇಪ್ಪತ್ತು ಸಾವಿರ ನರಕೋಶಗಳ ಒಂದು ಪುಟ್ಟ ಗುಚ್ಛವನ್ನು ತಲುಪುತ್ತದೆ. ಅದೇ ನಮ್ಮ ದೇಹದ ಗಡಿಯಾರ. ಜೀವಕೋಶಗಳ ಒಳಗೆ ಈ ಗಡಿಯಾರ ನಡೆಯುವ ಬಗೆಯನ್ನು ಬಿಡಿಸಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರ ನೊಬೆಲ್ ಬಂತು. ನಮ್ಮ ದೇಶದಲ್ಲಿ ಮಧುರೈ ಕಾಮರಾಜ ವಿಶ್ವವಿದ್ಯಾಲಯದ ಎಂ.ಕೆ. ಚಂದ್ರಶೇಖರನ್ ಅವರು ಗುಹೆಯ ಬಾವಲಿಗಳ ಮೇಲೂ, ಹೊರಗಿನ ಬೆಳಕು ತಾಗದ ಕೋಣೆಯಲ್ಲಿ ದಿನಗಟ್ಟಲೆ ಉಳಿದ ಸ್ವಯಂಸೇವಕರ ಮೇಲೂ ಇದೇ ವಿಷಯದ ಅಧ್ಯಯನ ನಡೆಸಿದವರು. ವಿಜ್ಞಾನದ ವಿದ್ಯಾರ್ಥಿಗಳು ಅವರ ಹೆಸರನ್ನು ನೆನಪಿಡಬೇಕು.

ಈ ಗಡಿಯಾರಕ್ಕೂ ಥೈರಾಯ್ಡ್ ಗ್ರಂಥಿಗೂ ಏನು ಸಂಬಂಧ? ಕೊರಳಿನಲ್ಲಿರುವ ಆ ಗ್ರಂಥಿಯನ್ನು ಮಿದುಳಿನಡಿಯ ಪಿಟ್ಯುಟರಿಯಿಂದ ಹೊರಡುವ ಟಿಎಸ್‌ಎಚ್ ಎಂಬ ಚೋದಕ ನಡೆಸುತ್ತದೆ. ಟಿಎಸ್‌ಎಚ್ ದಿನವಿಡೀ ಒಂದೇ ಮಟ್ಟದಲ್ಲಿರುವುದಿಲ್ಲ; ಸಂಜೆ ಏರತೊಡಗಿ, ರಾತ್ರಿ ಶಿಖರ ಮುಟ್ಟಿ, ಮಧ್ಯಾಹ್ನದ ಹೊತ್ತಿಗೆ ತಗ್ಗುತ್ತದೆ. ನಿದ್ರೆ ಆ ಏರಿಕೆಯನ್ನು ಅದುಮುತ್ತದೆ. ಇಡೀ ರಾತ್ರಿ ಎಚ್ಚರವಿದ್ದವನಲ್ಲಿ ಅದು ಇನ್ನೂ ಮೇಲಕ್ಕೆ ಹೋಗುತ್ತದೆ. ರಾತ್ರಿ ಪಾಳಿ ಮುಗಿಸಿ ನೇರವಾಗಿ ರಕ್ತಪರೀಕ್ಷೆಗೆ ಹೋಗುವವರು ಈ ಸಂಗತಿಯನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. 2021ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ಇರುಳು ಅತಿ ಹೆಚ್ಚು ಬೆಳಗುವ ಪ್ರದೇಶದವರಲ್ಲಿ ಥೈರಾಯ್ಡ್ ಕ್ಯಾನ್ಸರಿನ ಪ್ರಮಾಣ ಅತಿ ಕಡಿಮೆ ಬೆಳಗುವ ಪ್ರದೇಶದವರಿಗಿಂತ ಶೇ. 55ರಷ್ಟು ಹೆಚ್ಚು ಕಂಡಿತು. ಅದು ಸಹಸಂಬಂಧ ಮಾತ್ರ, ದೀಪವೇ ಕಾರಣವೆಂಬುದಕ್ಕೆ ಸಾಕ್ಷ್ಯವಲ್ಲ. ಚಳವಳಿಯವರು ಇಂಥ ಅಂಕಿಗಳನ್ನು ಕಂಡಕೂಡಲೇ ಕರಪತ್ರಕ್ಕೆ ಹಾಕುವ ಚಪಲವನ್ನು ಬಿಡಬೇಕು.

ಮನಸ್ಸಿನ ವಿಷಯದಲ್ಲಿ ಸಾಕ್ಷ್ಯ ಇನ್ನಷ್ಟು ಗಟ್ಟಿಯಾಗಿದೆ. ಚಳಿನಾಡುಗಳ ಹಿಮಕಾಲದ ಖಿನ್ನತೆಯನ್ನು ವೈದ್ಯಲೋಕ 1984ರಲ್ಲೇ ಗುರುತಿಸಿತು. 2023ರಲ್ಲಿ ಬ್ರಿಟನ್ನಿನ ಸುಮಾರು 87 ಸಾವಿರ ಜನರ ಮಣಿಕಟ್ಟಿಗೆ ಕಟ್ಟಿದ ಬೆಳಕಿನ ಮಾಪಕಗಳ ದಾಖಲೆಯನ್ನು ವಿಶ್ಲೇಷಿಸಿದಾಗ, ಇರುಳಿನಲ್ಲಿ ಹೆಚ್ಚು ಬೆಳಕು ಕಂಡವರಲ್ಲಿ ಖಿನ್ನತೆ ಹೆಚ್ಚು, ಹಗಲಿನಲ್ಲಿ ಹೆಚ್ಚು ಬೆಳಕು ಕಂಡವರಲ್ಲಿ ಕಡಿಮೆ ಎಂದು ತಿಳಿದುಬಂತು. ಮಳೆಗಾಲದ ನಮ್ಮ ಮಂಕನ್ನು ‘ಸೋಮಾರಿತನ’ವೆಂದು ಜರೆಯುವ ಹಿರಿಯರು ಇದನ್ನು ಓದಬೇಕು.

ಇಲ್ಲಿ ಒಂದು ಕಟುಮಾತು ಅಗತ್ಯ. ಬೆಳಗಿನ ಸೂರ್ಯನನ್ನು ನೋಡಿದರೆ ಥೈರಾಯ್ಡ್ ಗುಣವಾಗುತ್ತದೆ, ಗುಳಿಗೆ ಬಿಡಿ ಎನ್ನುವ ಉಪದೇಶಕರು ಈಗ ಊರೂರಿಗೂ ಬಂದಿದ್ದಾರೆ. ಇದು ಶುದ್ಧ ಅಪಾಯ. 2013ರಲ್ಲಿ ಪ್ರಕಟವಾದ, ಬೆಂಗಳೂರೂ ಸೇರಿದಂತೆ ದೇಶದ ಎಂಟು ನಗರಗಳ ಸಮೀಕ್ಷೆಯಲ್ಲಿ ಸುಮಾರು ಶೇ. 11ರಷ್ಟು ವಯಸ್ಕರಲ್ಲಿ ಥೈರಾಯ್ಡ್ ಕೊರತೆ ಕಂಡಿತ್ತು. ಆಯಾಸ, ಮೈಭಾರ, ಬೇಸರ, ಮರೆವು: ಕೊರತೆಯ ಲಕ್ಷಣಗಳೂ ಖಿನ್ನತೆಯ ಲಕ್ಷಣಗಳೂ ಒಂದರಂತೆಯೇ ಇನ್ನೊಂದು. ಮನೆಯ ಹೆಣ್ಣುಮಗಳು ಹೀಗೆ ಬಳಲುತ್ತಿದ್ದರೆ ಅವಳಿಗೆ ಬೇಕಾದದ್ದು ರಕ್ತಪರೀಕ್ಷೆ. ಬಿಸಿಲಿನ ಉಪದೇಶ ಆಮೇಲೆ. ಕೊಡಗು, ಚಿಕ್ಕಮಗಳೂರಿನ ಕಡೆ ಗಳಗಂಡ ಸಾಮಾನ್ಯವಾಗಿದ್ದ ದಿನಗಳನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಅದನ್ನು ತಗ್ಗಿಸಿದ್ದು ಅಯೋಡಿನ್ ಬೆರೆತ ಉಪ್ಪು. ಬೆಳಕು ಔಷಧವಲ್ಲ. ಅನ್ನ ನೀರುಗಳಂತೆ ಅದೊಂದು ಅಗತ್ಯ, ಮತ್ತು ಕತ್ತಲೆಯೂ ಅಷ್ಟೇ ಅಗತ್ಯ.

ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿಲೋಮೀಟರ್ ಸಾಗಿದರೆ ಕಮಲಾಪುರ. ಭೌಗೋಳಿಕ ಸೂಚಕದ ಮನ್ನಣೆ ಪಡೆದ ಕೆಂಪು ಬಾಳೆಯ ಊರು. ಬಾಳೆ ನೀರು ಬೇಡುವ ಬೆಳೆ. ನೀರೆತ್ತಲು ಮೂರು ಫೇಸಿನ ವಿದ್ಯುತ್ ಬೇಕು. ಪಂಪ್‌ಸೆಟ್ಟಿಗೆ ದಿನಕ್ಕೆ 7 ಗಂಟೆ ಎಂದು ಸರ್ಕಾರ ಹೇಳುತ್ತದೆ, ಆದರೆ ಆ ಗಂಟೆಗಳನ್ನು ಪಾಳಿಯಲ್ಲಿ ಹಂಚಿ ಒಂದು ಪಾಲನ್ನು ಇರುಳಿಗೆ ತಳ್ಳುವುದು ರಾಜ್ಯದ ರೈತ ದಶಕಗಳಿಂದ ಅನುಭವಿಸುತ್ತ ಬಂದ ಅನ್ಯಾಯ. ಕರೆಂಟ್ ಬಂದಾಗ ಎದ್ದು, ಬ್ಯಾಟರಿ ಹಿಡಿದು, ಹಾವು ಚೇಳುಗಳ ನಡುವೆ ಕಾಲುವೆ ತಿರುಗಿಸುವ ರೈತನ ನಿದ್ರೆಗೆ ಯಾವ ಲೆಕ್ಕಪುಸ್ತಕದಲ್ಲಿ ಕಾಲಂ ಇದೆ? ಸರದಿ ಪಾಳಿಯ ರಾತ್ರಿ ದುಡಿಮೆಯನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆ 2007ರಲ್ಲಿ ವರ್ಗೀಕರಿಸಿತು, 2019ರಲ್ಲಿ ಮತ್ತೆ ಅದನ್ನೇ ಎತ್ತಿಹಿಡಿಯಿತು. ಕಾರ್ಖಾನೆಯ ಕಾರ್ಮಿಕನ ವಿಷಯದಲ್ಲಿ ಅಷ್ಟಾದರೂ ಚರ್ಚೆಯಾಗುತ್ತದೆ. ಹೊಲದ ರಾತ್ರಿ ಪಾಳಿಯನ್ನು ಪಾಳಿಯೆಂದು ಕರೆಯುವವರೂ ಇಲ್ಲ.

ಕಲಬುರಗಿಯ ತೊಗರಿಯೂ ಇರುಳನ್ನು ಅಳೆಯುವ ಗಿಡವೇ. ಅದು ಅಲ್ಪದಿನ ಸಸ್ಯ. ಇರುಳು ದೀರ್ಘವಾಗುತ್ತ ಹೋದಂತೆ ಹೂವಿಗೆ ತಿರುಗುತ್ತದೆ. ಸೇವಂತಿಗೆ ಬೆಳೆಗಾರರು ಹೂವನ್ನು ತಡೆಯಲು ತೋಟದಲ್ಲಿ ರಾತ್ರಿ ಬಲ್ಬು ಉರಿಸುವುದನ್ನು ಕೋಲಾರದ ಕಡೆ ಹೋದವರು ನೋಡಿರಬಹುದು. ಗಿಡವನ್ನೇ ಮರುಳು ಮಾಡುವ ಬೆಳಕು ಮನುಷ್ಯನ ಮೈಯನ್ನು ಸುಮ್ಮನೆ ಬಿಟ್ಟೀತೆಂದು ನಂಬಿರುವವರು ನಮ್ಮ ಎಂಜಿನಿಯರುಗಳು ಮಾತ್ರ.

ಇನ್ನು ಘಟ್ಟದ ಮಾತು. 1964ರಲ್ಲಿ ಲಿಂಗನಮಕ್ಕಿ ತುಂಬಿತು, ಊರುಗಳು ಮುಳುಗಿದವು, ‘ನಾಡಿಗೆ ಬೆಳಕು’ ಎಂಬ ಮಾತನ್ನು ಅಂದಿನಿಂದ ನಮಗೆ ಕೇಳಿಸಲಾಗಿದೆ. ಮುಳುಗಡೆಯಾದವರ ಎಷ್ಟೋ ಕುಟುಂಬಗಳು ಆ ಬೆಳಕನ್ನು ಕಾಣಲು ದಶಕಗಳು ಕಾಯಬೇಕಾಯಿತು. ಈಗ ಶರಾವತಿ ಕಣಿವೆಯಲ್ಲೇ, ಸಿಂಗಳೀಕಗಳ ಅಭಯಾರಣ್ಯದ ನಡುವೆ, 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪ ಎದುರಿಗಿದೆ. ಸಂಜೆಯ ಗರಿಷ್ಠ ಬೇಡಿಕೆಗೆ ಇದು ಬೇಕು ಎನ್ನುತ್ತಾರೆ. ಉತ್ಪಾದಿಸುವುದಕ್ಕಿಂತ ಹೆಚ್ಚು ವಿದ್ಯುತ್ತನ್ನು ನೀರೆತ್ತಲು ನುಂಗುವ ಯೋಜನೆಯಿದು ಎಂಬುದನ್ನು ಅಷ್ಟೇ ಜೋರಾಗಿ ಹೇಳುವುದಿಲ್ಲ. ಬೀದಿದೀಪಗಳನ್ನು ಆರಿಸಿದರೆ ಈ ಯೋಜನೆ ಬೇಡವಾಗುತ್ತದೆಂದು ನಾವು ವಾದಿಸುತ್ತಿಲ್ಲ. ಒಟ್ಟು ಬೇಡಿಕೆಯಲ್ಲಿ ಅವುಗಳ ಪಾಲು ಸಣ್ಣದು. ನಮ್ಮ ಪ್ರಶ್ನೆ ಬೇರೆ. ಸೂರ್ಯ ಧಾರಾಳವಾಗಿರುವ ಕಲಬುರಗಿಯಲ್ಲಿ ಕೃಷಿ ಫೀಡರುಗಳನ್ನು ಸೌರಶಕ್ತಿಯಿಂದಲೇ ನಡೆಸಿ, ಕಮಲಾಪುರದ ಪಂಪುಗಳಿಗೆ ಹಗಲು ಹೊತ್ತಿನಲ್ಲೇ ಏಳು ಗಂಟೆ ಕೊಡುವ ಕೆಲಸ ಮೊದಲು ಪೂರ್ಣವಾಗಲಿ. ಅದರಿಂದ ರೈತನ ಇರುಳು ಉಳಿಯುತ್ತದೆ, ಇರುಳಿನ ವಿದ್ಯುತ್ತೂ ಉಳಿಯುತ್ತದೆ. ಅದಾದ ಮೇಲೆ ಘಟ್ಟದವರ ಬಳಿ ಕಣಿವೆ ಕೇಳಲು ಬನ್ನಿ.

ನಮ್ಮ ಊರುಗಳೂ ನಿರ್ದೋಷಿಗಳೇನಲ್ಲ. ಬೀದಿದೀಪ ಗ್ರಾಮ ಪಂಚಾಯಿತಿಯ ಅಧಿಕಾರಕ್ಕೆ ಸೇರಿದ ವಿಷಯ. ಮಿಂಚುಹುಳು ಕುಣಿಯುತ್ತಿದ್ದ ಹಳ್ಳದ ಬದಿಗೆ ಬಿಳಿ ದೀಪ ನೆಟ್ಟು ಫೋಟೋ ತೆಗೆಸಿಕೊಳ್ಳುವ ಸದಸ್ಯರನ್ನು ಮುಂದಿನ ಗ್ರಾಮಸಭೆಯಲ್ಲಿ ಕೇಳಿ: ದೀಪಕ್ಕೆ ಮೇಲ್ಮುಸುಕು ಎಲ್ಲಿ? 6500 ಕೆಲ್ವಿನ್ನಿನ ನೀಲಿಬಿಳುಪೇ ಏಕೆ, 3000ಕ್ಕಿಂತ ಕೆಳಗಿನ ಹಳದಿ ದೀಪ ಏಕಾಗದು? ಅಮೆರಿಕದ ವೈದ್ಯಕೀಯ ಸಂಘವೇ 2016ರಲ್ಲಿ 3000ಕ್ಕಿಂತ ಮೇಲೆ ಹೋಗಬೇಡಿ ಎಂದು ನಗರಗಳಿಗೆ ಸಲಹೆ ಕೊಟ್ಟಿದೆ. ಜನ ಓಡಾಡದ ಹೊತ್ತಿನಲ್ಲಿ ಆರಿಸುವ ಸ್ವಿಚ್ಚು ಯಾರ ಕೈಯಲ್ಲಿದೆ? ಉತ್ತರವನ್ನು ನಡಾವಳಿಯಲ್ಲಿ ಬರೆಸಿ, ಅದರ ಪ್ರತಿಯೊಂದನ್ನು ನಮಗೂ ಕಳಿಸಿ.