ಎಂಜಿನ್ ಬದಲಿಸುವ ಮುನ್ನ

ಹಳೆಯ ಅಂಬಾಸಿಡರ್ ಕಾರಿನ ಎಂಜಿನ್ ಸೀಜ್ ಆಯಿತೆಂದರೆ ನಮ್ಮ ಹೆಜಮಾಡಿಯಲ್ಲಿ ಗುಜರಿಗೆ ಹಾಕಿ ಎನ್ನುವವರುಂಟು, ಡೀಸೆಲ್ ಎಂಜಿನ್ ಕೂರಿಸಿ ಎನ್ನುವವರೂ ಉಂಟು. ಎರಡಕ್ಕೂ ಮೊದಲು ಅದನ್ನು ಬಿಚ್ಚಿ ನೋಡಬೇಕೆಂಬುದು ನನ್ನ ವಾದ.

ಡೀಸೆಲ್ ಕೂರಿಸಿದವರನ್ನು ನಾನು ಹಳಿಯಲಾರೆ. ಬಾಡಿಗೆ ಓಡಿಸುತ್ತಿದ್ದ ನನ್ನ ತಂದೆಯವರ ಅಂಬಾಸಿಡರಿಗೂ ಮ್ಯಾಟಡಾರ್ ವ್ಯಾನಿನ ಎಂಜಿನ್ನೇ ಇತ್ತು. ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ನನ್ನ ಫೀಸು ಹುಟ್ಟಿದ್ದು ಆ ದುಡಿಮೆಯಿಂದ. ಡೀಸೆಲ್ ಬಹಳ ಅಗ್ಗವಾಗಿದ್ದ ಕಾಲವದು. ಈಗ ಬಾಡಿಗೆಗೆ ಅಂಬಾಸಿಡರ್ ಕರೆಯುವವರಾರು? ಉತ್ತರಪಾರಾದಲ್ಲಿ ಅದರ ತಯಾರಿಕೆಯೇ 2014ರಲ್ಲಿ ನಿಂತಿತು. ತಿಂಗಳಿಗೊಮ್ಮೆ ಕಟೀಲಿಗೆ ಹೋಗಿಬರುವ ಕಾರಿಗೆ ಆ ಭಾರದ ಎಂಜಿನ್ನೇಕೆ? ಮೌಂಟಿಂಗಿಗೆ ಕೈಹಾಕಿದರೆ ಗೇರ್‌ಬಾಕ್ಸು, ಅದು ಮುಗಿದರೆ ಮುಂದಿನ ಸಸ್ಪೆನ್ಷನ್ನು, ಖರ್ಚಿಗೆ ಕೊನೆಯಿಲ್ಲ.

1489 ಸಿ.ಸಿ.ಯ ಹಳೆಯ ಪೆಟ್ರೋಲ್ ಎಂಜಿನ್ನಿನ ಬ್ಲಾಕು ಎರಕದ ಕಬ್ಬಿಣದ್ದು. ಕಡಲ ಗಾಳಿಗೆ ನಿಂತಲ್ಲೇ ನಿಂತು ರಿಂಗುಗಳು ತುಕ್ಕುಹಿಡಿದು ಅಂಟಿದ್ದರೆ, ಬೋರ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಬಹುದು. ಬೋರ್ ಮಿತಿಮೀರಿದ್ದರೆ ಸ್ಲೀವ್ ಉಂಟು. ಬ್ಲಾಕೇ ಒಡೆದಿದ್ದರೆ ಮಾತ್ರ ಬೇರೆ ಎಂಜಿನ್, ಅದೂ ಅದೇ ಜಾತಿಯದು. ನಂಬರು ಬದಲಾಗುವುದರಿಂದ ಆರ್.ಟಿ.ಓ. ದಾಖಲೆಯನ್ನೂ ತಿದ್ದಿಸಬೇಕು.

2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ಎಂಜಿನ್ ಮಾರ್ಪಡಿಸದ ಕಾರಿಗಷ್ಟೇ ‘ವಿಂಟೇಜ್’ ನೋಂದಣಿ. ಆ ಪಟ್ಟ ಪಡೆದ ಕಾರನ್ನು ದಿನಬಳಕೆಗೆ ಓಡಿಸುವಂತಿಲ್ಲ. ಕಟೀಲು ಯಾತ್ರೆಗೂ ಕುತ್ತೇ! ಪಟ್ಟ ಬೇಕೋ ಸವಾರಿ ಬೇಕೋ, ಕಾರಿನ ಯಜಮಾನರು ನಿಧಾನವಾಗಿ ಯೋಚಿಸಲಿ. ಡೀಸೆಲ್ ಕೂರಿಸಿದ ಮೇಲೆ ಆ ಯೋಚನೆಗೆ ಎಡೆಯೇ ಇರುವುದಿಲ್ಲ.