ಪೇಟಿಯವನ ಹೆಸರು ಯಾರು ಬರೆದರು?

ಹಾರ್ಮೋನಿಯಂ, ಅಂದರೆ ನಮ್ಮ ಪೇಟಿ, ಹಾಡಿನ ಬೆನ್ನು ಹತ್ತುವ ಪರದೇಶಿ ಯಂತ್ರ, ಅದನ್ನು ನುಡಿಸುವವನದು ಬರೀ ನಕಲು ಎಂಬ ವಾದ ಲೇಖನವೊಂದರಲ್ಲಿ ಮತ್ತೆ ಅಚ್ಚಾಗಿದೆ. ಹಳೆಯ ಸರಕೇ. ಇಂಥದೇ ಮಾತು ನಂಬಿ ಆಕಾಶವಾಣಿ 1940ರಲ್ಲಿ ಈ ವಾದ್ಯವನ್ನು ಹೊರಗಿಟ್ಟಿತು. 1971ರ ಹೊತ್ತಿಗೆ ನಿಷೇಧ ಸಡಿಲಿಸಬೇಕಾಯಿತು.

ಇದರಲ್ಲಿ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಬರುವುದಿಲ್ಲ ಎಂಬ ಆಕ್ಷೇಪ ನಿಜವೇ. ನಕಲು ಎಂಬುದು ಮಾತ್ರ ಸುಳ್ಳು.

ಹಾಡನ್ನು ಕೀಲಿಗೆ ಇಳಿಸುವುದು ನಕಲಲ್ಲ ಎನ್ನಲು ಯುರೋಪಿನಲ್ಲಿ ಉಳಿದಿರುವ ಅತಿ ಹಳೆಯ ಕೀಲಿಮಣೆ ಸಂಗೀತವನ್ನೇ ನೋಡಬಹುದು. ಸುಮಾರು 1360ರ ರಾಬರ್ಟ್ಸ್‌ಬ್ರಿಜ್ ಹಸ್ತಪ್ರತಿಯಲ್ಲಿ ಸಿಕ್ಕಿರುವುದು ಎರಡೇ ಹಾಳೆ, ಆರು ರಚನೆ. ಅವುಗಳಲ್ಲಿ ಮೂರು, ಕಂಠಕ್ಕೆ ಕಟ್ಟಿದ್ದನ್ನು ಕೀಲಿಗಳಿಗೆ ಇಳಿಸಿದವು. ಇಳಿಸಿದವನ ಹೆಸರಿಲ್ಲ. 15ನೇ ಶತಮಾನದ ಫಾಯೆನ್ಜಾ ಹಸ್ತಪ್ರತಿಯಲ್ಲೂ ಅಷ್ಟೇ: ಕೆಳಗೆ ಹಾಡಿನ ನಿಧಾನದ ಎಳೆ, ಮೇಲೆ ಬಲಗೈಯ ಸರಸರ ಓಟ. ಅದನ್ನು ನಕಲೆಂದು ಯಾರೂ ಮೂಗು ಮುರಿಯುವುದಿಲ್ಲ, ವಿದ್ವಾಂಸರು ತಲೆ ಮೇಲೆ ಹೊರುತ್ತಾರೆ!

ಸಮೀರವಾಡಿಯ ಸುತ್ತ, ಮುಧೋಳ–ಜಮಖಂಡಿ ಸೀಮೆಯ ಶ್ರೀಕೃಷ್ಣ ಪಾರಿಜಾತ ಬಯಲಾಟದಲ್ಲಿ ಪೇಟಿಯವನು ಮಾಡುವುದೂ ಇದನ್ನೇ. ಎಡಗೈ ತಿದಿ ಒತ್ತುತ್ತದೆ, ಬಲಗೈ ಹಾಡಿಕೆಯನ್ನು ಹಿಡಿಯುತ್ತದೆ. ಪಾತ್ರಧಾರಿ ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ ಅವನದೇ ಒಂದು ತಿರುವು ಬಂದು ಹೋಗುತ್ತದೆ. ಪಾರಿಜಾತದ ಜೊತೆ ಕುಳಗೋಡ ತಮ್ಮಣ್ಣನ ಹೆಸರು ಉಳಿಯಿತು, ಆ ತಿರುವುಗಳಿಗೆ ಹೆಸರು ಬರೆದವರಿಲ್ಲ. ಕಾಗವಾಡದಲ್ಲಿ ಹುಟ್ಟಿ ಬೆಳಗಾವಿಯಲ್ಲಿ ನೆಲೆಸಿದ ರಾಮಭಾವು ಬಿಜಾಪುರೆಯವರು ಇದೇ ವಾದ್ಯದಲ್ಲಿ ಸ್ವತಂತ್ರವಾಗಿ ರಾಗ ನುಡಿಸಿದರು ಎಂಬುದನ್ನಾದರೂ ಲೇಖಕರು ಗಮನಿಸಬೇಕಿತ್ತು.

ಮುಂದಿನ ಲೇಖನಕ್ಕೆ ಮೊದಲು ಅವರೊಮ್ಮೆ ಪಾರಿಜಾತದ ಮುಂದೆ ಬೆಳಗಿನವರೆಗೆ ಕೂತು ಪೇಟಿಯವನ ಬಲಗೈ ನೋಡಲಿ.