ಕೆಡಹುವ ಮುನ್ನ ಒಂದು ಕುಣಿತ

ಕೆಲವು ದಿನಗಳ ಹಿಂದೆ ಕಾಕತಿಯಲ್ಲಿ ನಾನೊಂದು ವಿಚಿತ್ರ ಉತ್ತರಕ್ರಿಯೆಗೆ ಹೋಗಿ ಬಂದೆ. ಸತ್ತವರು ಮನುಷ್ಯರಲ್ಲ, ಒಂದು ವಾಡೆ. ಅದೂ ಇನ್ನೂ ಸತ್ತಿರಲಿಲ್ಲ, ಮರುವಾರ ಸಾಯುವುದಿತ್ತು. ಬೆಳಗಾವಿಯ ಕೆಲವರು ತರುಣ ಕಲಾವಿದರು, ಕೆಡಹುವುದಕ್ಕೆ ಮುನ್ನ ಆ ಮನೆಗೆ ಗೌರವ ಸಲ್ಲಿಸಬೇಕೆಂದು, ಅದರ ದೇವಡಿಯಲ್ಲಿ, ಪಡಸಾಲೆಯಲ್ಲಿ, ಮಸಿ ಹಿಡಿದ ಅಡಿಗೆಮನೆಯಲ್ಲಿ ಆಟವಾಡಿದರು. ರಂಗಮಂಚವಿಲ್ಲ, ಪರದೆಯಿಲ್ಲ. ನಾವು ಅವರ ಹಿಂದೆ ಕೋಣೆಯಿಂದ ಕೋಣೆಗೆ ನಡೆದೆವು. ಕತ್ತಲೆಯ ಕೋಣೆಯಿಂದ ಹಣತೆ ಹಿಡಿದು ಬಂದ ಹುಡುಗಿಯೊಬ್ಬಳು ಒಂದೊಂದು ಕಂಬದ ಮುಂದೆಯೂ ನಿಂತು ಅದಕ್ಕೆ ಒಂದೊಂದು ಹೆಸರಿಟ್ಟು ಕರೆದಳು. ಸುಳ್ಳೇಕೆ ಹೇಳಲಿ, ನನ್ನ ಕಣ್ಣೂ ಒದ್ದೆಯಾಯಿತು.

ಕಣ್ಣು ಒರೆಸಿಕೊಂಡು ನೋಡಿದರೆ, ಮನೆಯನ್ನು ಕೆಡವಿಸುವ ಯಜಮಾನರು ಮುಂದಿನ ಸಾಲಿನಲ್ಲಿ ಹಾರ ಹಾಕಿಸಿಕೊಂಡು ಕುಳಿತಿದ್ದರು. ಅವರ ಕಣ್ಣೂ ಒದ್ದೆಯಾಗಿತ್ತು. ನನ್ನ ಜಗಳ ಆರಂಭವಾಗುವುದು ಅಲ್ಲಿಂದ.

ಯಜಮಾನರನ್ನು ನಾನು ದೂರುವುದಿಲ್ಲ. ಅಣ್ಣತಮ್ಮಂದಿರ ಪಾಲು, ಮಳೆಗಾಲಕ್ಕೊಮ್ಮೆ ಕುಸಿಯುವ ಮಾಳಿಗೆ, ತೊಲೆ ಬದಲಿಸಲು ಕುಶಲಿ ಬಡಿಗರಿಲ್ಲ. ಇದು ಮನೆಮನೆಯ ಕಥೆ. ದೂರಬೇಕಾದದ್ದು ಆ ಹಾರವನ್ನು. ಕೆಡಹುವವನಿಗೆ ಸಣ್ಣದೊಂದು ಅಳುಕು ಇದ್ದೇ ಇರುತ್ತದೆ. ಆ ಅಳುಕೇ ಹಳೆಯ ಕಟ್ಟಡಗಳ ಕೊನೆಯ ಕಾವಲುಗಾರ. ಈ ಆಟ ಅದನ್ನು ಸಂಜೆ ಎರಡು ಗಂಟೆಗಳಲ್ಲಿ ಸಮಾಧಾನಪಡಿಸಿ ಮನೆಗೆ ಕಳಿಸಿಬಿಟ್ಟಿತು.

ನಮ್ಮ ಆಗಮಗಳಲ್ಲಿ ಕಳಾಕರ್ಷಣೆಯೆಂಬುದೊಂದಿದೆ. ಜೀರ್ಣವಾದ ಗುಡಿಯನ್ನು ಬಿಚ್ಚುವ ಮುನ್ನ ಮೂರ್ತಿಯಲ್ಲಿನ ಕಳೆಯನ್ನು ಮಂತ್ರಪೂರ್ವಕವಾಗಿ ಕುಂಭಕ್ಕೆ ಇಳಿಸುತ್ತಾರೆ. ಆ ಬಳಿಕವೇ ಕಲ್ಲು ಕೀಳಬಹುದು. ಮೊನ್ನೆ ನಡೆದದ್ದೂ ಇದೇ ಎಂದು ಗೆಳೆಯರೊಬ್ಬರು ಹಿಗ್ಗಿನಿಂದ ಹೇಳಿದರು. ಇರಬಹುದು ಸ್ವಾಮಿ, ಆದರೆ ಕುಂಭವೆಲ್ಲಿ? ಬಾಲಾಲಯದಲ್ಲಿ ದೇವರನ್ನು ಇರಿಸಿ ನಿತ್ಯಪೂಜೆ ನಡೆಸಿ, ಗುಡಿ ಎದ್ದ ಮೇಲೆ ಆ ಕಳೆಯನ್ನು ಮರಳಿ ತುಂಬಿಸುವ ಹೊಣೆ ಹೊತ್ತವನಿಗೆ ಮಾತ್ರ ಕಳಾಕರ್ಷಣೆಯ ಅಧಿಕಾರ. ಕಳೆಯನ್ನು ಇಳಿಸಿಕೊಂಡು, ಚಪ್ಪಾಳೆ ಗಿಟ್ಟಿಸಿ, ಬಸ್ಸು ಹತ್ತುವುದಕ್ಕೆ ಬೇರೆ ಹೆಸರು ಹುಡುಕಬೇಕು.

ಇಂಥ ಕಲೆ ಪರದೇಶದಲ್ಲಿ ಬಹಳ ಹಿಂದೆಯೇ ನಡೆದಿದೆಯೆಂದು ಬಲ್ಲವರು ಹೇಳುತ್ತಾರೆ, ನಡೆದಿದೆ. 1975ರಲ್ಲಿ ಪ್ಯಾರಿಸ್ಸಿನಲ್ಲಿ ಗಾರ್ಡನ್ ಮಟ್ಟಾ-ಕ್ಲಾರ್ಕ್ ಎಂಬಾತ, ಕೆಡಹಲು ಗುರುತುಹಾಕಿದ್ದ ಎರಡು ಹಳೆಯ ಮನೆಗಳ ಗೋಡೆಗಳನ್ನು ಶಂಕುವಿನಾಕಾರದಲ್ಲಿ ಕೊರೆದು, ಪಕ್ಕದಲ್ಲಿ ಏಳುತ್ತಿದ್ದ ಪಾಂಪಿಡೂ ಕಲಾಕೇಂದ್ರದತ್ತ ಜನ ಆ ತೂತಿನಿಂದಲೇ ನೋಡುವಂತೆ ಮಾಡಿದ. 1993ರಲ್ಲಿ ಲಂಡನ್ನಿನ ಪೂರ್ವಭಾಗದಲ್ಲಿ ರೇಚಲ್ ವೈಟ್‌ರೀಡ್ ಒಂದು ಸಾಮಾನ್ಯ ಮನೆಯ ಒಳಗಿನ ಬಯಲಿಗೇ ಕಾಂಕ್ರೀಟು ಎರೆದು ಗೋಡೆಗಳನ್ನು ಕಳಚಿದಳು. ಮನೆಯ ಒಳಗು ಗಟ್ಟಿಯಾಗಿ ಹೊರಗೆ ನಿಂತಿತು. ಊರೆಲ್ಲ ಜಗಳಾಡಿತು. 1994ರ ಜನವರಿಯಲ್ಲಿ ಅದನ್ನೂ ಕೆಡವಿದರು. ಆದರೆ ಗಮನಿಸಿ: ಇವೆರಡೂ ಕೆಡಹುವವರನ್ನು ಸಂತೈಸಲಿಲ್ಲ, ಚುಚ್ಚಿದವು. ನಾವು ಅವರಿಂದ ಕಲಿತದ್ದು ಹಣತೆಯನ್ನಲ್ಲ, ಹಣತೆ ನಮ್ಮದೇ. ಚುಚ್ಚುವುದನ್ನು ಕಲಿಯಬಹುದಿತ್ತು.

ಅಷ್ಟು ದೂರವೇಕೆ? ಬೆಂಗಳೂರಿನ ಅಠಾರಾ ಕಚೇರಿಯನ್ನು ಕೆಡಹಬೇಕೆಂದು 1980ರ ದಶಕದಲ್ಲಿ ಸರಕಾರವೇ ಹೊರಟಿತ್ತು. ಆಗ ಯಾರೂ ಅದರ ಕಂಬ ತಬ್ಬಿ ಬೀಳ್ಕೊಡಲಿಲ್ಲ. ನ್ಯಾಯಾಲಯದ ಮೆಟ್ಟಿಲೇರಿದರು, ಪತ್ರಿಕೆಗಳಲ್ಲಿ ಕೂಗಾಡಿದರು. ಆ ಕೆಂಪು ಕಟ್ಟಡದಲ್ಲಿ ಇಂದೂ ಉಚ್ಚ ನ್ಯಾಯಾಲಯ ನಡೆಯುತ್ತಿದೆ. ಅದೇ ಊರಿನ ಲಾಲ್‌ಬಾಗಿನ ಕ್ರುಂಬಿಗಲ್ ಸಭಾಂಗಣ 2017ರಲ್ಲಿ ನೆಲಕ್ಕುರುಳಿತು. ಶೋಕ ಬೇಕಾದಷ್ಟಾಯಿತು, ಉರುಳಿದ ಮೇಲೆ.

ನಮ್ಮ ಕಡೆಯ ಮಾತು ಇನ್ನೂ ಕಠಿಣ. ಹಿಡಕಲ್ ಜಲಾಶಯದಲ್ಲಿ ಮುಳುಗಿದ ಹುನ್ನೂರಿನ ವಿಠ್ಠಲನ ಗುಡಿ ಕಲ್ಲಿನದು. ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೆದ್ದು ಮುಖ ತೋರಿಸುತ್ತದೆ. ವಾಡೆ ಮಣ್ಣಿನದು, ಮರದ್ದು. ಒಮ್ಮೆ ಕೆಡವಿದರೆ ಮಣ್ಣು ಹೊಲಕ್ಕೆ, ತೊಲೆ ಅಡ್ಡೆಗೆ. 1961ರ ರಾಜ್ಯದ ಪ್ರಾಚೀನ ಸ್ಮಾರಕಗಳ ಕಾಯಿದೆ ಕಾಯುವುದು ಘೋಷಿತವಾದವನ್ನು. ಬೀದಿಯ ವಾಡೆಯನ್ನು ಘೋಷಿಸುವವರು ಯಾರು? ಚೆನ್ನಮ್ಮ ಹುಟ್ಟಿದ್ದು ಈ ಕಾಕತಿಯಲ್ಲಿಯೇ, 1778ರಲ್ಲಿ. ಹೆಸರಿಗೆ ನಾವು ಹಾರ ಹಾಕುತ್ತೇವೆ, ಅಕ್ಟೋಬರ್ ಬಂತೆಂದರೆ ಕಿತ್ತೂರಿನ ಮುರುಕು ಅರಮನೆಯ ಊರಿನಲ್ಲಿ ಉತ್ಸವ ಮಾಡುತ್ತೇವೆ. ಅವಳ ಕಾಲದವರು ಎಂಥ ಮನೆಯಲ್ಲಿ ಬಾಳಿದರು, ಬೆಳಕು ಯಾವ ಕಿಂಡಿಯಿಂದ ಇಳಿಯುತ್ತಿತ್ತು, ಕಾಳು ಯಾವ ಹಗೇವಿನಲ್ಲಿ ಇರುತ್ತಿತ್ತು ಎಂದು ಮಕ್ಕಳು ಕೇಳಿದರೆ ತೋರಿಸಲು ಉಳಿಯುವುದು ಇಂಥ ಮನೆಗಳೇ.

ಈ ಹುಡುಗರು ಬಾರದಿದ್ದರೆ ಆ ಎಂಬತ್ತು ಜನವೂ ವಾಡೆಯ ಹೊಸಿಲು ತುಳಿಯುತ್ತಿರಲಿಲ್ಲ ಎನ್ನುವಿರಿ. ನಿಜ, ಒಪ್ಪಿದೆ. ಅದಕ್ಕಾಗಿಯೇ ನನಗೆ ಸಿಟ್ಟು. ಎಂಬತ್ತು ಜನ ಬಂದಿದ್ದರಲ್ಲ! ಕೆಡಹುವುದು ಒಂದು ವಾರ ತಡವಾಗಲೆಂದು ಒಂದು ಅರ್ಜಿಗೆ ಅವರಿಂದ ಸಹಿ ಹಾಕಿಸಲಿಲ್ಲ. ನಕಾಶೆ ತೆಗೆಯಲಿಲ್ಲ. ತಿಂಗಳುಗಟ್ಟಲೆ ತಾಲೀಮು ನಡೆಸಿದವರಿಗೆ ಒಂದು ದಿನ ಅಳತೆಪಟ್ಟಿ ಹಿಡಿಯಲು ಪುರುಸೊತ್ತಾಗಲಿಲ್ಲ.

ಇದು ನನ್ನೊಬ್ಬನ ಮೂದಲಿಕೆಯಲ್ಲ. ಆಟ ಮುಗಿದು ಚಹಾ ಕುಡಿಯುವಾಗ, ಆ ಮನೆಗೆ ಸೊಸೆಯಾಗಿ ಬಂದು ಅಲ್ಲಿಯೇ ಮುಪ್ಪಾದ ಅಜ್ಜಿ ಕಟ್ಟೆಯ ಮೇಲೆ ಕುಳಿತಿದ್ದರು. ಆಟ ಹೇಗಿತ್ತೆಂದು ಕೇಳಿದೆ.

“ಚಂದ ಕುಣದ್ರರಿ. ಆದ್ರ ಈ ಮನಿ ಎಷ್ಟ್ ಅಂಕಣದ್ದು ಅಂತ ಒಬ್ರೂ ಕೇಳ್ಲಿಲ್ಲ ನೋಡ್ರಿ.”

ನಾನೂ ಕೇಳಿರಲಿಲ್ಲ. ನಾಚಿಕೆಯಿಂದ ಈಗ ಕೇಳಿದೆ. ಹದಿನೆಂಟು ಅಂಕಣವಂತೆ.

ಮುಂದಿನ ತಿಂಗಳು ಇನ್ನೊಂದು ವಾಡೆಯಲ್ಲಿ ಆಟವಿದೆಯೆಂದು ಅದೇ ತರುಣರಿಂದ ಕರೆ ಬಂದಿದೆ. ಬರುತ್ತೇನೆ, ಬೆಳಿಗ್ಗೆಯೇ ಬರುತ್ತೇನೆ, ಪಟ್ಟಿಯ ಇನ್ನೊಂದು ತುದಿ ಹಿಡಿಯಲು ಆ ಹಣತೆಯ ಹುಡುಗಿಯನ್ನು ಕಳಿಸಿಕೊಡಿ ಎಂದು ಉತ್ತರ ಬರೆದಿದ್ದೇನೆ.